ಕ್ಯಾಲೆಂಡರ್ ಚಿತ್ರವೇ ಆಗಲಿ, ಮೇಷ್ಟ್ರೇ

ಪತ್ರ: ಕಳೆದ ಸಂಚಿಕೆಯಲ್ಲಿ ಪ್ಯಾಲೆಸ್ತೀನಿನ ಸ್ಲಿಮಾನ್ ಮನ್ಸೂರ್ ಅವರ ಚಿತ್ರ ಹಾಕಿದ್ದೀರಿ. ಮುದುಕನೊಬ್ಬ ಜೆರುಸಲೇಮನ್ನು ಬೆನ್ನ ಮೇಲೆ ಹೊತ್ತಿದ್ದಾನೆ. ಇದು ಕಲೆಯೇ? ಕ್ಯಾಲೆಂಡರ್ ಚಿತ್ರ. ಕಲಾವಿದನಾದವನು ಜಗಳಗಳಿಂದ ದೂರವಿದ್ದು ಚೆಲುವನ್ನು ಬರೆಯಬೇಕು. ಹೀಗೇ ನಡೆದರೆ ಚಂದಾ ಮುಂದುವರಿಸುವ ಬಗ್ಗೆ ಯೋಚಿಸಬೇಕಾದೀತು.
– ನಿವೃತ್ತ ಚಿತ್ರಕಲಾ ಶಿಕ್ಷಕರು, ಶಿರಸಿ

ಸಂಪಾದಕರ ಉತ್ತರ:

ಮೇಷ್ಟ್ರೇ, ಒಂದೂ ಚಿತ್ತಿಲ್ಲದ ನಿಮ್ಮ ಅಕ್ಷರಕ್ಕೆ ಮೊದಲು ನಮಸ್ಕಾರ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಮುಷ್ಟಿ, ಸರಪಳಿ, ಪಾರಿವಾಳ ಇಷ್ಟನ್ನೇ ತಿರುಗಿಸಿ ಮುರುಗಿಸಿ ಬಳಿದ ಹೋರಾಟದ ಚಿತ್ರಗಳಿಗೆ ಲೋಕದಲ್ಲಿ ಬರವಿಲ್ಲ. ಅವನ್ನು ನೋಡಿ ನನಗೂ ಆಕಳಿಕೆ ಬಂದದ್ದುಂಟು. ಇಷ್ಟು ಒಪ್ಪಿದ ಮೇಲೆ ಜಗಳಕ್ಕೆ ಬರೋಣ.

ಚೆಲುವನ್ನು ಬರೆಯಿರಿ ಎಂಬ ಉಪದೇಶ ಮನ್ಸೂರರಿಗೆ ನಿಮಗಿಂತ ಮುಂಚೆಯೇ ಸಿಕ್ಕಿತ್ತು. ಇಸ್ರೇಲಿನ ಹಿಡಿತದಲ್ಲಿದ್ದ ಪ್ಯಾಲೆಸ್ತೀನಿನ ಊರು ರಾಮಲ್ಲಾದಲ್ಲಿ ಕಲಾವಿದರು ನಡೆಸುತ್ತಿದ್ದ ‘ಗ್ಯಾಲರಿ 79’ಕ್ಕೆ ಇಸ್ರೇಲಿ ಸೇನೆ 1980ರಲ್ಲಿ ಬೀಗ ಹಾಕಿತು. ಮನ್ಸೂರ್, ನಬೀಲ್ ಅನಾನಿ, ಇಸಾಮ್ ಬದ್ರ್ ಮೂವರನ್ನೂ ಕರೆಸಿದ ಅಧಿಕಾರಿ, ನಿಮಗೆ ರಾಜಕೀಯ ಯಾಕೆ, ಹೂವು ಬರೆಯಿರಿ, ಬೆತ್ತಲೆ ಹೆಣ್ಣನ್ನು ಬರೆಯಿರಿ ಎಂದ. ಕೆಂಪು, ಹಸಿರು, ಕಪ್ಪು, ಬಿಳಿ ಮಾತ್ರ ಒಟ್ಟಿಗೆ ಬರಕೂಡದು, ಅದು ಪ್ಯಾಲೆಸ್ತೀನ್ ಧ್ವಜದ ಬಣ್ಣ. ಹಾಗಾದರೆ ಆ ಬಣ್ಣಗಳಲ್ಲಿ ಹೂವು ಬರೆದರೆ? ಎಂದು ಬದ್ರ್ ಕೇಳಿದರಂತೆ. ಕಲ್ಲಂಗಡಿ ಬರೆದರೂ ಜಪ್ತಿ ಮಾಡುತ್ತೇವೆ ಎಂದು ಅವನು ರೇಗಿದನಂತೆ. ಮನ್ಸೂರ್ ಇದನ್ನು ಹಲವು ಸಲ ಹೇಳಿದ್ದಾರೆ. ನಿಮ್ಮ ಪತ್ರಕ್ಕೂ ಆ ಅಧಿಕಾರಿಯ ಬುದ್ಧಿವಾದಕ್ಕೂ ಎಷ್ಟು ದೂರ, ನೀವೇ ಅಳೆಯಿರಿ.

ಅವರಿಗೆ ಚೆಲುವು ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. 1947ರಲ್ಲಿ ಬಿರ್ಜೈತ್‌ನಲ್ಲಿ ಹುಟ್ಟಿದ ಮನ್ಸೂರ್ ಕಲಿತದ್ದು ಜೆರುಸಲೇಮಿನ ಬೆಜಲೆಲ್ ಕಲಾಶಾಲೆಯಲ್ಲಿ, ಅಂದರೆ ಇಸ್ರೇಲಿನದೇ ಹೆಸರಾಂತ ಸಂಸ್ಥೆಯಲ್ಲಿ. ನೀವು ಮೂಗು ಮುರಿದ ಚಿತ್ರ 1973ರದ್ದು. ಇನ್ನೊಮ್ಮೆ ಪುಟ ತೆಗೆದು ನೋಡಿ: ಹೊರೆಯ ಹಗ್ಗ ಮುದುಕನ ಹಣೆಗೆ ಬಿಗಿದಿದೆ, ಕಾಲಲ್ಲಿ ಮೆಟ್ಟಿಲ್ಲ, ಹಿಂದೆ ಮುಂದೆ ಊರು ದಾರಿ ಏನೂ ಇಲ್ಲ. ಇರುವ ಒಂದೇ ಊರು ಅವನ ಬೆನ್ನ ಮೇಲಿದೆ. ಆ ಹೊರೆಗೆ ಕಣ್ಣಿನ ಆಕಾರ. ಪಾಠ ಹೇಳಿದ ನಿಮಗೆ ಇದು ಕಾಣದೆ ಹೋಯಿತೇ?

ಇನ್ನು ಕ್ಯಾಲೆಂಡರ್ ಮಾತು. ಹೌದು, ಅದು ಪೋಸ್ಟರಾಗಿ ಅಚ್ಚಾಗಿ ಪ್ಯಾಲೆಸ್ತೀನಿನ ಮನೆ ಮನೆಯ ಗೋಡೆ ಸೇರಿತು. ಮೂಲ ಚಿತ್ರ ಲಿಬಿಯಾಕ್ಕೆ ಹೋಗಿ 1986ರ ಅಮೆರಿಕದ ಬಾಂಬ್ ದಾಳಿಯಲ್ಲಿ ನಾಶವಾಯಿತೆನ್ನುತ್ತಾರೆ. ಚಿತ್ರವನ್ನು ಉಳಿಸಿದ್ದು ಅಗ್ಗದ ಕಾಗದ. ಆಗ ಅವರ ಪ್ರದರ್ಶನಗಳೂ ನಡೆಯುತ್ತಿದ್ದುದು ಶಾಲೆ, ಚರ್ಚು, ಪುರಭವನಗಳಲ್ಲಿ. ರವಿವರ್ಮನ ಲಕ್ಷ್ಮಿ ನಮ್ಮ ದೇವರ ಮನೆಗೆ ಬಂದದ್ದೂ ಅಚ್ಚಿನ ಹಾದಿಯಲ್ಲೇ ಅಲ್ಲವೇ? ಅಡುಗೆಮನೆಯ ಹೊಗೆ ಹಿಡಿದ ಚಿತ್ರವನ್ನು ಕೀಳೆನ್ನುವವರ ಮೇಲೆ ನನಗೆ ಹಳೆಯ ಸಿಟ್ಟಿದೆ.

1987ರಲ್ಲಿ ಇಂತಿಫಾದಾ, ಅಂದರೆ ಇಸ್ರೇಲಿ ಹಿಡಿತದ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಶುರುವಾದಾಗ ಮನ್ಸೂರ್, ಅನಾನಿ, ವೇರಾ ತಮಾರಿ, ತೈಸೀರ್ ಬರಕಾತ್ ಎಂಬ ನಾಲ್ವರು ಕಲಾವಿದರು ಇಸ್ರೇಲಿನಿಂದ ಬರುತ್ತಿದ್ದ ಬಣ್ಣ, ಕ್ಯಾನ್ವಾಸುಗಳನ್ನೇ ಬಿಟ್ಟರು. ಅನಾನಿ ಚರ್ಮ ಹಿಡಿದರು, ಬರಕಾತ್ ಮರ ಸುಟ್ಟು ಗೆರೆ ತೆಗೆದರು. ಮನ್ಸೂರ್ ಮಣ್ಣಿಗೆ ಹುಲ್ಲು ಕಲಸಿ ಹಲಗೆಗೆ ಮೆತ್ತಿದರು. ಒಣಗಿದಾಗ ಮಣ್ಣು ಬಿರುಕು ಬಿಟ್ಟಿತು. ಅವರು ಬಿರುಕನ್ನು ಮುಚ್ಚಲಿಲ್ಲ, ಮನುಷ್ಯನ ಮುಖ ಮೈಗಳನ್ನು ಆ ಬಿರುಕುಗಳಲ್ಲೇ ಕಾಣಿಸಿದರು. ಇವು ಕ್ಯಾಲೆಂಡರಿಗೆ ಒಗ್ಗುವ ಕೆಲಸಗಳಲ್ಲ, ನಿಮಗೆ ಹಿಡಿಸಿಯಾವು.

ಗಾಜಾದ ಚಿತ್ರಕಾರ ಫತ್ಹಿ ಘಬೆನ್ ಅದೇ ಧ್ವಜದ ಬಣ್ಣ ಬಳಸಿದ್ದಕ್ಕೆ 1984ರಲ್ಲಿ ಜೈಲು ಕಂಡವರು. 2024ರ ಫೆಬ್ರುವರಿಯಲ್ಲಿ, ಚಿಕಿತ್ಸೆಗೆ ಹೊರಹೋಗಲು ಅನುಮತಿ ಸಿಗದೆ ತೀರಿಕೊಂಡರು. ನಮ್ಮಲ್ಲಿ ಎಷ್ಟು ಪತ್ರಿಕೆ ಬರೆದವು? ಹರಾಜಿನಲ್ಲಿ ಕೋಟಿ ದಾಟಿದ ಚಿತ್ರಕ್ಕೆ ಮುಖಪುಟ ಉಂಟು, ಚಿತ್ರ ಬರೆದವನಿಗೆ ಸತ್ತಾಗಲೂ ನಾಲ್ಕು ಸಾಲಿಲ್ಲ. ಭಾನುವಾರದ ಪುರವಣಿಯಲ್ಲಿ ಕಲೆಗಿದ್ದ ಅರ್ಧ ಪುಟವನ್ನೂ ಈಗ ಸೈಟು ಮಾರುವವರು ನುಂಗಿದ್ದಾರೆ. ಸಿಟ್ಟು ಬರಬೇಕಾದದ್ದು ಅದಕ್ಕೆ, ಮೇಷ್ಟ್ರೇ.

ಚಂದಾ ನಿಮ್ಮಿಷ್ಟ. ಮುಂದಿನ ಸಂಚಿಕೆಯಲ್ಲಿ ತಮಾರಿಯವರ ಮಣ್ಣಿನ ಕೆಲಸಗಳು ಬರುತ್ತವೆ. ಅದೊಂದನ್ನು ನಮ್ಮ ಖರ್ಚಿನಲ್ಲೇ ಕಳಿಸುತ್ತೇವೆ, ಬೈಯಲಿಕ್ಕಾದರೂ ಓದಿ.