ಆಕ್ಟೋಪಸ್‌ನ ಮೂತ್ರಪಿಂಡದಲ್ಲಿ ಸಿಕ್ಕ ಹುಳು ಹೊಸ ಪ್ರಭೇದವೇ?

ಪ್ರಶ್ನೆ: ಕೋಲಾರದಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಮಂಗಳೂರಿನಿಂದ ಐಸ್‌ನಲ್ಲಿ ಬಂದ ಆಕ್ಟೋಪಸ್ ಕೊಯ್ದಾಗ ಮೂತ್ರಪಿಂಡದಲ್ಲಿ ಸುಮಾರು ಒಂದು ಮಿ.ಮೀ. ಉದ್ದದ ಬಿಳಿ ಎಳೆಗಳು ಕಂಡವು. ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಇದು ಹೊಸ ಪ್ರಭೇದವಿರಬಹುದೇ? ಖಚಿತಪಡಿಸಿಕೊಳ್ಳುವುದು ಹೇಗೆ ಸರ್?

ಉತ್ತರ: ನೀವು ಕಂಡದ್ದು ಬಹುಮಟ್ಟಿಗೆ ಡೈಸಯೆಮಿಡ್ ಗುಂಪಿನ ಪರಾವಲಂಬಿ. ಇಡೀ ದೇಹಕ್ಕೆ 8ರಿಂದ 40 ಜೀವಕೋಶ ಅಷ್ಟೇ. ಬಾಯಿ, ಕರುಳು, ನರ ಯಾವುದೂ ಇಲ್ಲ. ನಡುವೆ ಉದ್ದನೆಯ ಒಂದು ಅಕ್ಷಕೋಶ, ಅದರ ಸುತ್ತ ಸಿಲಿಯಾ (ಅಲುಗಾಡುವ ಸೂಕ್ಷ್ಮ ರೋಮ) ಇರುವ ಹೊರಕೋಶಗಳು, ಮುಂತುದಿಯಲ್ಲಿ ಕ್ಯಾಲೋಟ್ ಎಂಬ ತಲೆಟೊಪ್ಪಿ.

ಆದರೆ ಐಸ್‌ನಲ್ಲಿ ಬಂದ ಮಾದರಿಯಿಂದ ಪ್ರಭೇದ ತೀರ್ಮಾನಿಸಬೇಡಿ. ಆಕ್ಟೋಪಸ್ ಸತ್ತ ಮೇಲೆ ಈ ಹುಳುವಿನ ಹೊರಕೋಶಗಳು ಊದಿ ಕಳಚುತ್ತವೆ, ಕ್ಯಾಲೋಟ್ ಆಕಾರ ಕೆಡುತ್ತದೆ. ಫ್ರೀಜ್ ಆಗಿದ್ದರಂತೂ ಹಿಮದ ಹರಳುಗಳು ಕೋಶಗಳನ್ನೇ ಒಡೆದಿರುತ್ತವೆ. ಪ್ರಭೇದ ಗುರುತಿಸುವುದು ಈ ಕೋಶಗಳ ಸಂಖ್ಯೆ ಮತ್ತು ಜೋಡಣೆಯಿಂದಲೇ. 22 ಹೊರಕೋಶಗಳಿದ್ದ ಹುಳು ಮೂರನ್ನು ಕಳೆದುಕೊಂಡು 19 ತೋರಿಸಿದರೆ ಇಲ್ಲದ 'ಹೊಸ ಪ್ರಭೇದ' ಹುಟ್ಟಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕೆಲಸ ಮೈಕ್ರೋಸ್ಕೋಪಿನ ಮುಂದಲ್ಲ, ಮಂಗಳೂರಿನ ದಕ್ಕೆಯಲ್ಲಿ, ದೋಣಿ ಮೀನು ಇಳಿಸುವ ಹೊತ್ತಿಗೇ ಶುರುವಾಗಬೇಕು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು, ಅವನ್ನು ಬಿಡಿ.

ಜೀವಂತ ಅಥವಾ ಆಗಷ್ಟೇ ಸತ್ತ ಆಕ್ಟೋಪಸ್ ಆರಿಸಿ. ತೀರಾ ಮರಿ ಬೇಡ, ಅದರಲ್ಲಿ ಹುಳು ಇಲ್ಲದಿರುವುದೇ ಹೆಚ್ಚು. ಕೊಯ್ಯುವ ಮೊದಲು ಫೋಟೋ, ತೂಕ, ಮ್ಯಾಂಟಲ್ (ಒಳಾಂಗಗಳನ್ನು ಸುತ್ತಿರುವ ಚೀಲದಂಥ ದೇಹಭಾಗ) ಉದ್ದ, ಲಿಂಗ ದಾಖಲಿಸಿ. ತೋಳಿನ ಚೂರೊಂದನ್ನು 95% ಆಲ್ಕೊಹಾಲ್‌ನಲ್ಲಿ ಇಡಿ. ಆತಿಥೇಯದ, ಅಂದರೆ ಹುಳುವಿಗೆ ಆಸರೆಯಾದ ಆಕ್ಟೋಪಸ್ಸಿನ, ಗುರುತು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಫನೆಲ್ (ನೀರು ಚಿಮ್ಮುವ ಕೊಳವೆ) ಇರುವ ಮಗ್ಗುಲು ಮೇಲಾಗಿ ಮಲಗಿಸಿ, ಮಸಿಚೀಲ ಒಡೆಯದಂತೆ ಮ್ಯಾಂಟಲ್ ಸೀಳಿ. ಕಿವಿರುಗಳ ಬುಡದ ಪುಟ್ಟ ಹೃದಯಗಳ ಪಕ್ಕದಲ್ಲಿ ಎರಡು ಮೂತ್ರಪಿಂಡ ಚೀಲಗಳಿವೆ. ಒಳಗಿನ ಸ್ಪಂಜಿನಂಥ ಅಂಗಾಂಶದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಕವರ್‌ಸ್ಲಿಪ್ ಮೇಲೆ ಹಗುರವಾಗಿ ಸವರಿ, ಒಣಗುವ ಮೊದಲೇ ಅಂಗಾಂಶ ಕೆಡದಂತೆ ಹಿಡಿದಿಡುವ ಬೂವಾಂ ದ್ರಾವಣಕ್ಕೆ ಹಾಕಿ. ಎಡ, ಬಲ ಬೇರೆ ಬೇರೆ. ಒಂದೊಂದರಿಂದ ಹತ್ತಾದರೂ ಇರಲಿ.

ಬೂವಾಂ ಎಂದರೆ ಪಿಕ್ರಿಕ್ ಆಮ್ಲದ ಸಂತೃಪ್ತ ಜಲದ್ರಾವಣ 75 ಮಿ.ಲೀ., ಫಾರ್ಮಲಿನ್ 25, ಗ್ಲೇಸಿಯಲ್ ಅಸಿಟಿಕ್ ಆಮ್ಲ 5. ಒಣಗಿದ ಪಿಕ್ರಿಕ್ ಆಮ್ಲ ಸಿಡಿಯಬಲ್ಲದು. ಬಾಟಲಿಯ ಬಾಯಲ್ಲಿ ಹಳದಿ ಪುಡಿ ಕಟ್ಟಿದ್ದರೆ ಮುಚ್ಚಳ ತಿರುಗಿಸಲೇಬೇಡಿ, ಲ್ಯಾಬಿನ ಹಿರಿಯರಿಗೆ ತಿಳಿಸಿ. ಸ್ಮಿಯರ್‌ಗಳನ್ನು 24 ಗಂಟೆಯ ನಂತರ 70% ಆಲ್ಕೊಹಾಲ್‌ಗೆ ವರ್ಗಾಯಿಸಿ, ಹಳದಿ ಹೋಗುವವರೆಗೆ ಬದಲಿಸುತ್ತಿರಿ. ಆಮೇಲೆ ಎರ್ಲಿಕ್ ಹೀಮಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕಿ. ಬೂವಾಂ ಡಿಎನ್‌ಎ ಕೆಡಿಸುತ್ತದೆ, ಆದ್ದರಿಂದ ಅದಕ್ಕಾಗಿ ಪ್ರತ್ಯೇಕ ಚೂರು ಆಲ್ಕೊಹಾಲ್‌ನಲ್ಲಿರಲಿ.

ಕುಲ ತಿಳಿಯಲು 100x ಆಯಿಲ್ ಲೆನ್ಸಿನಲ್ಲಿ ಕ್ಯಾಲೋಟ್ ನೋಡಿ. ಮುಂದಿನ ಸಾಲಿನಲ್ಲಿ 4, ಹಿಂದಿನದರಲ್ಲಿ 4 ಕೋಶ ನೇರ ಎದುರುಬದುರಾಗಿದ್ದರೆ ಡೈಸಯೆಮಾ, ಹಿಂದೆ 5 ಇದ್ದರೆ ಡೈಸಯೆಮೆನಿಯಾ. ಪ್ರಭೇದಕ್ಕೆ ಹೊರಕೋಶಗಳ ಸಂಖ್ಯೆ, ಅಕ್ಷಕೋಶದ ತುದಿ ಎಲ್ಲಿಯವರೆಗೆ ಬಂದಿದೆ ಎಂಬುದು, ಇನ್‌ಫ್ಯೂಸೊರಿಫಾರ್ಮ್ ಎಂಬ ಮರಿಯ ಕೋಶಸಂಖ್ಯೆ (ಹೆಚ್ಚಾಗಿ 37 ಅಥವಾ 39) ಬೇಕು. ಈ ಮರಿ ಸಿಗದಿದ್ದರೆ ವಿವರಣೆ ಅಪೂರ್ಣ. ಅವಸರಪಡದೆ ಇನ್ನಷ್ಟು ಆಕ್ಟೋಪಸ್ ನೋಡಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಒಂದೇ ಮೂತ್ರಪಿಂಡದಲ್ಲಿ ಎರಡು ಮೂರು ಪ್ರಭೇದ ಒಟ್ಟಿಗಿರುವುದು ಮಾಮೂಲು. ಚೂಪು ತಲೆಯವು ಅಂಗಾಂಶದ ಮಡಿಕೆಗಳೊಳಗೆ ತೂರಿಕೊಳ್ಳುತ್ತವೆ, ಚಪ್ಪಟೆ ತಲೆಯವು ಮೇಲ್ಮೈಗೆ ಅಂಟುತ್ತವೆ. ಇವನ್ನು ಕಲಸಿ ಅಳೆದರೆ ಸರಾಸರಿಗೆ ಅರ್ಥವಿಲ್ಲ. ಕ್ರೊಮಿಡೀನಾ ಎಂಬ ಏಕಕೋಶಿಯೂ ಅಲ್ಲೇ ಉದ್ದುದ್ದ ಇರಬಹುದು. ಅದರಲ್ಲಿ ಅಕ್ಷಕೋಶ ಇರುವುದಿಲ್ಲ.

ಡಿಎನ್‌ಎಗೆ 18ಎಸ್ ಮತ್ತು ಸಿಒಐ ಎಂಬ ಜೀನ್ ಭಾಗಗಳನ್ನು ನೋಡುತ್ತಾರೆ. ಹುಳುಗಳನ್ನು ಒಂದೊಂದಾಗಿ ಪಿಪೆಟ್‌ನಲ್ಲಿ ಎತ್ತಿ ಸೋಸಿದ ಸಮುದ್ರದ ನೀರಿನಲ್ಲಿ ಹಲವು ಸಲ ತೊಳೆಯದಿದ್ದರೆ ಆಕ್ಟೋಪಸ್ಸಿನ ಅನುಕ್ರಮವೇ ಬರಬಹುದು.

ಈಗಾಗಲೇ ಹೆಸರಿಟ್ಟಿರುವ ನೂರಕ್ಕೂ ಹೆಚ್ಚು ಪ್ರಭೇದಗಳ ಜೊತೆ ಹೋಲಿಸಿ ಬೇರೆ ಎಂದು ತೋರಿಸಿದ ಮೇಲೆ ಹೆಸರಿನ ಮಾತು. ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಸ್ಲೈಡ್ ಸ್ಪಷ್ಟವಾಗಿ ಗೊತ್ತುಪಡಿಸಬೇಕು. ಜೀವವೈವಿಧ್ಯ ಕಾಯ್ದೆ 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಅಧಿಕೃತ ಭಂಡಾರಕ್ಕೆ ಒಪ್ಪಿಸಬೇಕು. ಪ್ರಾಣಿಗಳಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇದೆ.

ಪ್ರಶ್ನೆ: ಚಿಂತಾಮಣಿಯಿಂದ. ಆಕ್ಟೋಪಸ್ ಕರುಳಿನ ಮೇಲೆ ಬಿಳಿ ಚುಕ್ಕೆಗಳಿದ್ದವು. ಇದೂ ಅಂಥದ್ದೇ ಹುಳುವೇ? ತಿನ್ನಬಹುದೇ?

ಉತ್ತರ: ಅಲ್ಲಮ್ಮ, ಅದು ಅಗ್ರಿಗೇಟಾ ಎಂಬ ಏಕಕೋಶಿ ಇರಬಹುದು. ಏಡಿ, ಸೀಗಡಿ ತಿಂದ ಆಕ್ಟೋಪಸ್‌ಗೆ ಬರುತ್ತದೆ, ಮನುಷ್ಯರಿಗೆ ತಗಲುವುದಿಲ್ಲ. ಕರುಳು ತೆಗೆದುಹಾಕಿ. ಬೇರೆ ದುಂಡುಹುಳುಗಳ ಮರಿಗಳೂ ಇರಬಹುದಾದ್ದರಿಂದ ಮಾಂಸವನ್ನು ಒಳಗಿನವರೆಗೂ ಚೆನ್ನಾಗಿ ಬೇಯಿಸಿ. ಹಸಿಯಾಗಿ ತಿನ್ನುವುದಕ್ಕೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಮನೆಯ ಫ್ರೀಜರ್ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ.