ನನ್ನ ಐಸ್ ಹಾಕಿ ಟೀಮ್ ವರ್ಷಗಟ್ಟಲೆ ರೀಬಿಲ್ಡ್ (ಎಳೇ ಹುಡುಗರನ್ನ ಹಾಕ್ಕೊಂಡು ಟೀಮನ್ನ ಹೊಸದಾಗಿ ಕಟ್ಟೋದು) ಮಾಡ್ತಾನೇ ಇದೆ. ಸೋಲಿಗೆ ಕಾರಣ ಮ್ಯಾನೇಜ್‌ಮೆಂಟಾ, ರೆಫರಿಗಳಾ?

ಅರ್ಧ ಜನ ಜನರಲ್ ಮ್ಯಾನೇಜರನ್ನ (ಆಟಗಾರರನ್ನ ಆರಿಸಿ ಟೀಮ್ ಕಟ್ಟೋರು) ಕಿತ್ತಾಕಿ ಅಂತಾರೆ, ಇನ್ನರ್ಧ ಜನ ರೆಫರಿಗಳೇ ನಮ್ಮನ್ನ ಮುಳುಗಿಸ್ತಿರೋದು ಅಂತಾರೆ, ನಾನು ಯಾವ ಕಡೆ ನಿಲ್ಲಲಿ, ಇಲ್ಲಾ ಟೀಮನ್ನೇ ಬಿಟ್ಬಿಡ್ಲಾ ಅಂತ ಕೇಳಿದೀರಿ. ನಾನು ಡೆಟ್ರಾಯಿಟ್ ರೆಡ್ ವಿಂಗ್ಸ್ ಫ್ಯಾನು, ಕೆಲಸಾನೂ ಡೆಟ್ರಾಯಿಟ್ ಹತ್ರಾನೇ. ನೀವು ಬರ್ದಿರೋ ಒಂದೊಂದು ಸಾಲೂ 2019-20ರಲ್ಲಿ ನನ್ನ ಬಾಯಲ್ಲಿ ಬಂದಿದ್ದೇ.

ಆ ಸೀಸನ್ ಹೇಗಿತ್ತು ಅಂದ್ರೆ, 71 ಮ್ಯಾಚಲ್ಲಿ ಗೆದ್ದಿದ್ದು 17, ಒಟ್ಟು 39 ಪಾಯಿಂಟು, ಇಡೀ ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗು) ಕಟ್ಟಕಡೆ ಸ್ಥಾನ, ಆಮೇಲೆ ಮಾರ್ಚ್‌ನಲ್ಲಿ ಕೋವಿಡ್ ಬಂದು ಆಟಾನೇ ನಿಂತೋಯ್ತು. 2016ರ ತನಕ 25 ಸೀಸನ್ ಒಂದೂ ತಪ್ಪದೆ ಪ್ಲೇಆಫ್ ಆಡಿದ್ದ ಟೀಮ್ ಇದು, ಸೋತು ಅಭ್ಯಾಸ ಇಲ್ಲ ನಮಗೆ. ಕ್ಯಾಪ್ಟನ್ ಆಗಿ ಮೂರು ಸ್ಟ್ಯಾನ್ಲಿ ಕಪ್ (ಲೀಗ್ ಚಾಂಪಿಯನ್‌ಗೆ ಕೊಡೋ ಕಪ್) ಎತ್ತಿದ್ದ ಸ್ಟೀವ್ ಐಸರ್‌ಮನ್ 2019ರ ಏಪ್ರಿಲ್‌ನಲ್ಲಿ ಜನರಲ್ ಮ್ಯಾನೇಜರ್ ಆಗಿ ವಾಪಸ್ ಬಂದಿದ್ರು, ಅವರನ್ನ ಬೈಯೋಕೆ ನನಗೆ ಬಾಯಿ ಬರ್ತಿರ್ಲಿಲ್ಲ. ಹಾಗಾಗಿ ಸಿಟ್ಟೆಲ್ಲ ರೆಫರಿಗಳ ಮೇಲೆ ಹೋಯ್ತು.

ಆಗ ನಾನೊಂದು ನೋಟ್‌ಬುಕ್ ಇಟ್ಟೆ. ಪ್ರತಿ ಮ್ಯಾಚಲ್ಲೂ ನಮ್ಮ ಮೇಲೆ ಕೊಟ್ಟ ಪೆನಾಲ್ಟಿ (ತಪ್ಪು ಮಾಡಿದವನು ಸ್ವಲ್ಪ ಹೊತ್ತು ಆಚೆ ಕೂರ್ಬೇಕು, ಆ ಹೊತ್ತು ಎದುರು ಟೀಮಿಗೆ ಒಬ್ಬ ಜಾಸ್ತಿ, ಅದೇ ಪವರ್ ಪ್ಲೇ), ಆಟದ ಮೂರು ಪೀರಿಯಡ್‌ನಲ್ಲಿ ಯಾವುದು, ಗಡಿಯಾರದಲ್ಲಿ ಎಷ್ಟು ಟೈಮು, ಹುಕಿಂಗಾ (ಸ್ಟಿಕ್ ಸಿಕ್ಕಿಸಿ ಎಳೆಯೋದು) ಟ್ರಿಪ್ಪಿಂಗಾ (ಎಡವಿ ಬೀಳಿಸೋದು) ಸ್ಲ್ಯಾಷಿಂಗಾ (ಸ್ಟಿಕ್ಕಲ್ಲಿ ಹೊಡೆಯೋದು), ಆ ಪವರ್ ಪ್ಲೇಯಲ್ಲಿ ಗೋಲ್ ಬಿತ್ತಾ ಇಲ್ವಾ, ಎಲ್ಲ ಬರೀತಿದ್ದೆ, ಪಕ್ಕದಲ್ಲಿ "ಅನ್ಯಾಯ" ಅಂತ ಒಂದು ಗೆರೆ. ಆಫೀಸಿನ ಕೆಲವರು ಸೇರಿ ಡೆಟ್ರಾಯಿಟ್‌ನಲ್ಲಿ ನಮ್ಮ ಟೀಮ್ ಆಡೋ ಲಿಟ್ಲ್ ಸೀಸರ್ಸ್ ಅರೀನಾದಲ್ಲಿ ಸೀಸನ್ ಟಿಕೆಟ್ ಹಂಚಿಕೊಂಡಿದ್ವಿ, ನನ್ನ ಪಕ್ಕದ ಸೀಟು ನನಗಿಂತ ತುಂಬಾ ದೊಡ್ಡವರೊಬ್ಬರದು, ಅದೇ ಊರಲ್ಲಿ ಹುಟ್ಟಿ ಬೆಳೆದವರು, ಚಿಕ್ಕಂದಿನಿಂದ ಗೋಲ್ ಕೀಪರ್ ಆಗಿ ಆಡಿದವರು. ಒಂದು ದಿನ ಸೀಟಿ ಊದಿದ ತಕ್ಷಣ ನಾನು ಪೆನ್ ತೆಗ್ದಿದ್ದು ನೋಡಿ ಅವರು ಮೆಲ್ಲಗೆ ಹೇಳಿದ್ರು, ಸೀಟಿ ಆದ್ಮೇಲೆ ಬರೀಬೇಡ, ಸೀಟಿಗೆ ಮುಂಚೆ ಅರ್ಧ ನಿಮಿಷ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಎಲ್ಲಿತ್ತು ಅಂತ ಬರಿ. ನನಗೆ ಅದು ಟೀಮಿಗೆ ದ್ರೋಹ ಮಾಡಿದಂಗೆ ಕೇಳಿಸ್ತು. ನೀವು ಯಾರ ಕಡೆ ಅಂತ ಎಲ್ಲರ ಮುಂದೆ ಜೋರಾಗಿ ಕೇಳ್ಬಿಟ್ಟೆ. ಅವತ್ತಿಂದ ಮಾತು ಕಮ್ಮಿಯಾಯ್ತು.

ಆಮೇಲೆ ಲಾಟರಿ. ಕೊನೆ ಸ್ಥಾನದ ಟೀಮಿಗೆ ಡ್ರಾಫ್ಟ್‌ನಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು, ಆ ಸರದಿಗೇ ಪಿಕ್ ಅಂತಾರೆ) ಮೊದಲ ಹುಡುಗನ್ನ ಆರಿಸೋ ಅವಕಾಶ ಎಲ್ಲರಿಗಿಂತ ಜಾಸ್ತಿ, ಆದ್ರೂ ಆಗ ಅದು 18.5 ಪರ್ಸೆಂಟ್ ಅಷ್ಟೇ ಇತ್ತು. 2020ರ ಜೂನ್‌ನಲ್ಲಿ ಚೀಟಿ ಎತ್ತಿದಾಗ ನಾವು ನಾಲ್ಕನೇ ಜಾಗಕ್ಕೆ ಜಾರಿದ್ವಿ, ಅದಕ್ಕಿಂತ ಕೆಳಗೆ ಜಾರೋಕೆ ಆಗ್ತಾನೂ ಇರ್ಲಿಲ್ಲ. ಮೊದಲ ಪಿಕ್ ಕೊನೆಗೆ ನ್ಯೂಯಾರ್ಕ್ ರೇಂಜರ್ಸ್ ಪಾಲಾಯ್ತು. ರೆಫರಿ, ಲೀಗು, ಲಾಟರಿ, ಎಲ್ಲ ಒಂದೇ ಕೈ ಅಂತ ನನಗೆ ಖಾತ್ರಿಯಾಗಿಹೋಯ್ತು. (2021ರಿಂದ ಮೊದಲ ಎರಡು ಪಿಕ್‌ಗೆ ಮಾತ್ರ ಲಾಟರಿ, ಕೊನೆ ಟೀಮು ಮೂರಕ್ಕಿಂತ ಕೆಳಗೆ ಹೋಗಲ್ಲ. ಒಳ್ಳೇ ಬದಲಾವಣೆ, ನಮಗೆ ಒಂದು ವರ್ಷ ತಡವಾಗಿ ಬಂತು.)

ಈಗ ನಾನು ಮಾಡಿದ ತಪ್ಪು ಸರಿಯಾಗಿ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನೀವೂ ಅಲ್ಲೇ ಹೋಗ್ತಿದೀರಿ ಅನ್ಸುತ್ತೆ. ಸಿಟ್ಟು ಮಾಡಿಕೊಂಡಿದ್ದು ತಪ್ಪಲ್ಲ. ಲೆಕ್ಕ ಇಟ್ಟಿದ್ದೂ ತಪ್ಪಲ್ಲ. ಲೆಕ್ಕವನ್ನ ಸೀಟಿಯಿಂದ ಶುರು ಮಾಡಿದ್ದು ತಪ್ಪು, ನಮ್ಮ ಮೇಲೆ ಬಂದಿದ್ದನ್ನ ಮಾತ್ರ ಬರೆದಿದ್ದು ಇನ್ನೂ ದೊಡ್ಡ ತಪ್ಪು. 2021ರ ಮಾರ್ಚ್‌ನಲ್ಲಿ ಟಿಮ್ ಪೀಲ್ ಅನ್ನೋ ರೆಫರಿ ಮೈಕ್ ಆನ್ ಇದೆ ಅಂತ ಗೊತ್ತಿಲ್ಲದೆ, ಅದೇನು ದೊಡ್ಡದಲ್ಲ, ಬೇಗ ನ್ಯಾಶ್‌ವಿಲ್ ಟೀಮಿನ ಮೇಲೆ ಒಂದು ಪೆನಾಲ್ಟಿ ಕೊಡ್ಬೇಕು ಅಂತಿತ್ತು ಅನ್ನೋ ಅರ್ಥದಲ್ಲಿ ಮಾತಾಡಿದ್ದು ಟಿವಿಯಲ್ಲಿ ಹೋಗ್ಬಿಡ್ತು, ಮಾರನೇ ದಿನವೇ ಲೀಗ್ ಅವರಿಗೆ ಇನ್ನು ಮ್ಯಾಚ್ ಇಲ್ಲ ಅಂದ್ಬಿಡ್ತು. ನೋಡಿದ್ರಾ, ನಾನು ಹೇಳಿದ್ದೇ ಸರಿ ಅಂತ ಎಲ್ಲರಿಗೂ ಮೆಸೇಜ್ ಹಾಕ್ದೆ. ಆದ್ರೆ ಆ ಮ್ಯಾಚ್ ಯಾರ ಮೇಲೆ ಗೊತ್ತಾ? ನ್ಯಾಶ್‌ವಿಲ್ ವಿರುದ್ಧ ಡೆಟ್ರಾಯಿಟ್. ಪವರ್ ಪ್ಲೇ ಸಿಕ್ಕಿದ್ದು ನಮಗೆ! ರೆಫರಿ ಬಾಯಿಂದಲೇ ಸಿಕ್ಕ ಸಾಕ್ಷಿ ನಮ್ಮ ಪರವಾಗಿ ಕೊಟ್ಟ ಪೆನಾಲ್ಟಿಯದ್ದು, ನನ್ನ ನೋಟ್‌ಬುಕ್‌ನಲ್ಲಿ ಅದನ್ನ ಬರೆಯೋಕೆ ಕಾಲಮ್ಮೇ ಇರ್ಲಿಲ್ಲ.

ಅದಾದ್ಮೇಲೂ ನಾನು ಬುದ್ಧಿ ಕಲೀಲಿಲ್ಲ. ಆ ಬೇಸಿಗೆಯಲ್ಲಿ ಟಿಕೆಟ್ ಪಾಲು ಮುಂದುವರಿಸ್ತೀಯಾ ಅಂತ ಪಕ್ಕದ ಸೀಟಿನ ಆ ದೊಡ್ಡವರು ಫೋನ್ ಮಾಡಿ ಕೇಳಿದ್ರು, ಮೋಸದ ಆಟಕ್ಕೆ ನಾನ್ಯಾಕೆ ದುಡ್ಡು ಹಾಕಲಿ ಅಂತ ಬೇಡ ಅಂದೆ. ನನ್ನ ಸೀಟು ಬೇರೆಯವರಿಗೆ ಹೋಯ್ತು. ಅದೇ ಅಕ್ಟೋಬರ್‌ನಲ್ಲಿ ನಮ್ಮ ಮೊರಿಟ್ಜ್ ಸೈಡರ್, ಲೂಕಸ್ ರೇಮಂಡ್ ಇಬ್ಬರೂ ಮೊದಲ ಸಲ ಎನ್‌ಎಚ್‌ಎಲ್‌ನಲ್ಲಿ ಇಳಿದ್ರು. ಸೈಡರ್ 2019ರ ಆರನೇ ಪಿಕ್ಕು, ಆ ಸೀಸನ್ನಿನ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡೋ ಕ್ಯಾಲ್ಡರ್ ಟ್ರೋಫಿ ಅವನಿಗೇ ಬಂತು. ರೇಮಂಡ್ ಯಾರು ಅಂದ್ರೆ, ನಾನು ಗೋಳಾಡಿದ್ದ ಅದೇ ನಾಲ್ಕನೇ ಪಿಕ್. ವರ್ಷಗಟ್ಟಲೆ ಸೋಲು ನೋಡ್ಕೊಂಡು ಅಲ್ಲೇ ಕೂತಿದ್ದವನು, ಚಿಗುರೋ ಹೊತ್ತಿಗೆ ಎದ್ದು ಬಂದ್ಬಿಟ್ಟಿದ್ದೆ.

ಆ ಸೀಸನ್ನಿನ ಮೊದಲ ಮ್ಯಾಚ್ ಮನೇಲಿ ಟಿವಿಯಲ್ಲಿ ನೋಡ್ದೆ, ಟ್ಯಾಂಪಾ ಬೇ ಮೇಲೆ, ಹಿಂದಿನ ಎರಡೂ ವರ್ಷ ಕಪ್ ಗೆದ್ದಿದ್ದ ಟೀಮು, ಅದನ್ನ ಕಟ್ಟಿದವರಲ್ಲೂ ನಮ್ಮ ಐಸರ್‌ಮನ್ನೇ ಮುಖ್ಯ. ನಮ್ಮ ಟೈಲರ್ ಬರ್ಟುಜ್ಜಿ ನಾಲ್ಕು ಗೋಲ್ ಹೊಡೆದ. 6-3 ಮುಂದಿದ್ವಿ. ಕೊನೆಗೆ ಓವರ್‌ಟೈಮ್‌ನಲ್ಲಿ 7-6 ಸೋತ್ವಿ. ಆ ಕೊನೇ ನಿಮಿಷಗಳಲ್ಲಿ ಪಕ್ಕು ನಮ್ಮ ಜಾಗ ಬಿಟ್ಟು ಆಚೆ ಹೋಗ್ತಾನೇ ಇಲ್ಲ ಅನ್ನೋದು ನನಗೆ ಮೊದಲ ಸಲ ಕಣ್ಣಿಗೆ ಬಿತ್ತು, ಆ ದೊಡ್ಡವರು ಹೇಳಿದ್ದ ಮಾತು ನೆನಪಾಯ್ತು.

ಹಳೇ ನೋಟ್‌ಬುಕ್ ತೆಗೆದು, ಬರೆದಿಟ್ಟಿದ್ದ ಟೈಮ್ ಇಟ್ಕೊಂಡು ಹಳೇ ಮ್ಯಾಚ್‌ಗಳ ರೆಕಾರ್ಡಿಂಗ್ ಹಾಕಿ, ಪ್ರತಿ ಪೆನಾಲ್ಟಿಗೂ ಅರ್ಧ ನಿಮಿಷ ಹಿಂದೆ ಹೋಗಿ ನೋಡೋಕೆ ಶುರು ಮಾಡ್ದೆ. ಒಂದೇ ಕತೆ ಮತ್ತೆ ಮತ್ತೆ. ಪಕ್ ನಮ್ಮ ಕಡೆ ಸಿಕ್ಕಾಕೊಂಡಿದೆ, ನಮ್ಮ ಐದು ಜನ ಸುಸ್ತಾಗಿದಾರೆ, ಕಾಲು ನಿಂತಿದೆ, ಎದುರಾಳಿ ಪಕ್ಕದಿಂದ ನುಗ್ಗಿದಾಗ ಕಾಲು ಓಡಿಸೋ ಬದಲು ಕೈ ಚಾಚ್ತಾರೆ, ಸ್ಟಿಕ್ ಹೋಗಿ ಅವನ ಸೊಂಟಕ್ಕೆ ಸಿಕ್ಕಾಕೊಳ್ಳುತ್ತೆ. ಹುಕಿಂಗ್. ನಾನು "ಅನ್ಯಾಯ" ಅಂತ ಗೆರೆ ಎಳೆದಿದ್ದು ಇಂಥದ್ದಕ್ಕೇ ಜಾಸ್ತಿ. ಅದರಲ್ಲೂ ಸೆಕೆಂಡ್ ಪೀರಿಯಡ್ ನೋಡಿ. ಎರಡನೇ ಪೀರಿಯಡ್‌ನಲ್ಲಿ ಟೀಮುಗಳು ದಿಕ್ಕು ಬದಲಾಯಿಸೋದ್ರಿಂದ ನಾವು ಕಾಯೋ ಗೋಲು ನಮ್ಮ ಬೆಂಚಿನಿಂದ ದೂರ ಆಗುತ್ತೆ, ಆಟಗಾರರನ್ನ ಬದಲಾಯಿಸ್ಬೇಕು ಅಂದ್ರೆ ಡಿಫೆನ್ಸ್‌ನವರು ಅಷ್ಟು ದೂರ ಸ್ಕೇಟ್ ಮಾಡ್ಕೊಂಡು ಬರ್ಬೇಕು, ಪಕ್ ನಮ್ಮ ಕೈಲಿ ಇಲ್ದಿದ್ರೆ ಅದು ಆಗೋ ಮಾತಲ್ಲ. ತಡೀಲಾರದೆ ಪಕ್ಕನ್ನ ಆ ತುದಿಗೆ ಹೊಡೆದ್ರೆ ಐಸಿಂಗ್ ಅನ್ನೋ ತಪ್ಪು, ಐಸಿಂಗ್ ಮಾಡಿದ ಟೀಮು ಆಟಗಾರರನ್ನ ಬದಲಾಯಿಸೋ ಹಾಗಿಲ್ಲ, ಅದೇ ಸುಸ್ತಾದ ಐದು ಜನ ಮತ್ತೆ ಅಲ್ಲೇ ನಿಂತು ಫೇಸ್‌ಆಫ್ (ಎರಡೂ ಟೀಮಿನ ಒಬ್ಬೊಬ್ಬರ ನಡುವೆ ಪಕ್ ಹಾಕಿ ಆಟ ಮತ್ತೆ ಶುರು ಮಾಡೋದು) ತಗೋಬೇಕು. ಆಮೇಲೆ ಬರೋ ಪೆನಾಲ್ಟಿಗೆ ರೆಫರಿಯನ್ನ ಬೈತೀವಿ.

ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ ಅಂತ ನಿಮ್ಮ ಕಡೆ ಯಾರಾದ್ರೂ ಅಂದಿರ್ತಾರೆ. ನಾನು ಅಷ್ಟಕ್ಕೆ ನಿಲ್ಸಲ್ಲ, ನೆಲಾನೂ ಡೊಂಕಿದೆ. 2005-06ರಲ್ಲಿ ಹಿಡಿದೆಳೆಯೋದರ ಮೇಲೆ ಬಿಗಿ ಮಾಡಿದಾಗ ಒಂದು ಟೀಮಿಗೆ ಮ್ಯಾಚಿಗೆ ಸರಾಸರಿ 5.85 ಪವರ್ ಪ್ಲೇ ಸಿಗ್ತಿತ್ತು, ಈಚೆಗೆ ಅದು ಮೂರರ ಆಸುಪಾಸಿಗೆ ಇಳಿದಿದೆ. ಆಟಗಾರರು ಸಾಚಾ ಆದ್ರು ಅನ್ನೋದನ್ನ ಪೂರ್ತಿ ಒಪ್ಪೋಕೆ ನನ್ನ ಕೈಲಾಗಲ್ಲ. ಸ್ಕೋರ್ ನೋಡ್ಕೊಂಡು ಸೀಟಿ ಊದೋದು, ಕೊನೇ ನಿಮಿಷಗಳಲ್ಲಿ ಸೀಟಿಯನ್ನ ಜೇಬಲ್ಲಿಟ್ಕೊಳ್ಳೋದು ಇದ್ದೇ ಇದೆ, ಪೀಲ್ ಮಾತು ಅದಕ್ಕೆ ಸಾಕ್ಷಿ, ಅದನ್ನ ಲೀಗ್ ಸರಿ ಮಾಡ್ಬೇಕು, ಒಬ್ಬರನ್ನ ಮನೆಗೆ ಕಳಿಸಿದ್ರೆ ಮುಗೀಲಿಲ್ಲ.

ಆದ್ರೆ ಡೊಂಕು ಎಲ್ಲರಿಗೂ ಇದೆಯಲ್ಲ. 2019ರ ಪ್ಲೇಆಫ್ ಒಂದೇ ಸಾಕು. ಮೊದಲ ಸುತ್ತಿನ ಏಳನೇ ಮ್ಯಾಚು, ಸ್ಯಾನ್ ಹೊಸೆ ಮೇಲೆ ವೇಗಸ್ ಮೂರನೇ ಪೀರಿಯಡ್‌ನಲ್ಲಿ 3-0 ಮುಂದಿದೆ. ಫೇಸ್‌ಆಫ್ ಆದ ಕೂಡ್ಲೇ ಸ್ಯಾನ್ ಹೊಸೆಯ ಜೋ ಪವೆಲ್ಸ್ಕಿ ಬಿದ್ದು ತಲೆ ಐಸಿಗೆ ಬಡಿದು ರಕ್ತ, ರೆಫರಿಗಳು ವೇಗಸ್‌ನ ಕೋಡಿ ಈಕಿನ್ ಮೇಲೆ ಐದು ನಿಮಿಷದ ಮೇಜರ್ ಪೆನಾಲ್ಟಿ ಕೊಟ್ರು. ಅಷ್ಟು ದೊಡ್ಡ ಪೆನಾಲ್ಟಿ ಅಲ್ಲ ಅದು, ಲೀಗ್ ಆಮೇಲೆ ವೇಗಸ್‌ಗೆ ಕ್ಷಮೆ ಕೇಳ್ತು, ಮುಂದಿನ ಸೀಸನ್‌ನಿಂದ ಮೇಜರ್ ಪೆನಾಲ್ಟಿಯನ್ನ ರೆಫರಿಗಳು ವಿಡಿಯೋ ನೋಡಿ ಪರಿಶೀಲಿಸೋ ನಿಯಮಾನೂ ಬಂತು. ಎಲ್ಲ ನಿಜ. ಆದ್ರೂ ಆ ಐದು ನಿಮಿಷದಲ್ಲಿ ನಾಲ್ಕು ಗೋಲ್ ಬಿಟ್ಕೊಟ್ಟಿದ್ದು ವೇಗಸ್ಸೇ, ಓವರ್‌ಟೈಮ್‌ನಲ್ಲಿ ಸೋತು ಮನೆಗೆ ಹೋದ್ರು. ಅದೇ ವರ್ಷ ಅದೇ ಸ್ಯಾನ್ ಹೊಸೆ ಕಾನ್ಫರೆನ್ಸ್ ಫೈನಲ್ (ಸೆಮಿಫೈನಲ್ ಇದ್ದಂಗೆ) ಮೂರನೇ ಮ್ಯಾಚಲ್ಲಿ ಸೇಂಟ್ ಲೂಯಿಸ್ ಮೇಲೆ ಓವರ್‌ಟೈಮ್ ಗೋಲ್ ಹೊಡೀತು, ಅದಕ್ಕೆ ಮುಂಚೆ ನಿಯಮ ಮೀರಿ ಕೈಯಲ್ಲೇ ಪಕ್ ಪಾಸ್ ಮಾಡಿದ್ದು ಇಡೀ ಅರೀನಾಗೆ ಕಾಣಿಸ್ತು, ರೆಫರಿಗಳಿಗೆ ಕಾಣ್ಲಿಲ್ಲ. ಸೇಂಟ್ ಲೂಯಿಸ್‌ನವರು ಮುಂದಿನ ಮೂರೂ ಮ್ಯಾಚ್ ಗೆದ್ದು, ಫೈನಲ್‌ನಲ್ಲಿ ಬೋಸ್ಟನ್ ಸೋಲಿಸಿ ಕಪ್ ತಗೊಂಡು ಹೋದ್ರು.

ಅದಕ್ಕೇ ನಿಮ್ಮ ಪ್ರಶ್ನೆನೇ ನಾನು ಒಪ್ಪಲ್ಲ. ರೀಬಿಲ್ಡಾ ರೆಫರಿಯಾ ಅಂತ ಎರಡು ಕಡೆ ಇಲ್ಲ, ಒಂದೇ ವಿಷಯ ಅದು. ರೀಬಿಲ್ಡ್ ಅಂದ್ರೆ ಒಂದು ಕೆಟ್ಟ ಸೀಟಿ ಬಿದ್ರೂ ಮ್ಯಾಚ್ ಕೈ ತಪ್ಪದಷ್ಟು ಬಲ ಬರಿಸೋದು. ಯಾವಾಗಲೂ ಒಂದು ಗೋಲಿನ ಅಂತರದಲ್ಲಿ ನೇತಾಡೋ ಟೀಮಿಗೆ ಪ್ರತಿ ರೆಫರಿಯೂ ವಿಲನ್ನೇ.

ದೊಡ್ಡ ಪಿಕ್ ಬಂದ್ರೆ ಎಲ್ಲ ಸರಿಹೋಗುತ್ತೆ ಅನ್ನೋರ ಮಾತೂ ಕೇಳ್ಬೇಡಿ. ಬಫಲೋ ಸೇಬರ್ಸ್ 2011ರ ನಂತರ ಒಂದು ದಶಕಕ್ಕೂ ಮೀರಿ ಪ್ಲೇಆಫ್ ಮುಖ ನೋಡ್ಲಿಲ್ಲ, ಒಳ್ಳೇ ಪಿಕ್ ಸಿಗದೇ ಅಲ್ಲ. 2014ರಲ್ಲಿ ಎರಡನೇ ಪಿಕ್ ಸ್ಯಾಮ್ ರೈನ್‌ಹಾರ್ಟ್, 2015ರಲ್ಲಿ ಎರಡನೇ ಪಿಕ್ ಜಾಕ್ ಐಕಲ್. ಐಕಲ್ 2023ರಲ್ಲಿ ಕಪ್ ಎತ್ತಿದ್ದು ವೇಗಸ್‌ನಲ್ಲಿ, ರೈನ್‌ಹಾರ್ಟ್ 2024ರಲ್ಲಿ ಫ್ಲೋರಿಡಾದಲ್ಲಿ, ಬಫಲೋ ಬಿಟ್ಟುಕೊಟ್ಟ ರಯನ್ ಓರೈಲಿ 2019ರಲ್ಲಿ ಅದೇ ಸೇಂಟ್ ಲೂಯಿಸ್‌ಗೆ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಆದ. ಹುಡುಗರನ್ನ ಆರಿಸೋದು ಸುಲಭದ ಭಾಗ.

ನಿಮ್ಮ ಮ್ಯಾನೇಜ್‌ಮೆಂಟನ್ನ ಅಳೀಬೇಕು ಅಂದ್ರೆ ಸೆಕೆಂಡ್ ಪೀರಿಯಡ್‌ನಲ್ಲಿ ಅಳೀರಿ. ನಿಮ್ಮ ಎಳೇ ಡಿಫೆನ್ಸ್‌ಮನ್‌ಗಳ ಮೊದಲ ಪಾಸ್ ನೇರವಾಗಿ ಇನ್ನೊಬ್ಬನ ಸ್ಟಿಕ್ಕಿಗೆ ಹೋಗ್ತಿದೆಯಾ, ಇಲ್ಲಾ ಐಸಿನ ಸುತ್ತ ಇರೋ ಗ್ಲಾಸಿಗೆ ಬಡಿದು ಎದುರಾಳಿ ಕೈ ಸೇರ್ತಿದೆಯಾ. ಸುಸ್ತಾದವರು ಆಚೆ ಬರೋಕೆ ದಾರಿ ಸಿಗ್ತಿದೆಯಾ. ಒಂದು ಗೋಲ್ ಮುಂದಿದ್ದಾಗ ಕೊನೇ ನಿಮಿಷಕ್ಕೆ ಕೋಚ್ ಆ ಹುಡುಗರನ್ನ ನಂಬಿ ಇಳಿಸ್ತಾರಾ. ಹೋದ ವರ್ಷಕ್ಕೂ ಈ ವರ್ಷಕ್ಕೂ ಇದ್ರಲ್ಲಿ ಒಂಚೂರೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಆಗ ಜನರಲ್ ಮ್ಯಾನೇಜರ್ ಮೇಲೆ ಸಿಟ್ಟು ಮಾಡ್ಕೊಳ್ಳಿ, ನಾನೂ ನಿಮ್ಮ ಜೊತೆ ಕೂಗ್ತೀನಿ. ಐಸರ್‌ಮನ್ ಮೇಲೂ ನನಗೆ ಈಗ ಆ ಮುಲಾಜಿಲ್ಲ.

ಟೀಮ್ ಬಿಡೋ ಮಾತು ಮಾತ್ರ ಬೇಡ. ಟಿಕೆಟ್ ಯಾರ ಜೊತೆಗಾದ್ರೂ ಹಂಚಿಕೊಂಡಿದ್ರೆ ಸೋಲಿನ ಸಿಟ್ಟಲ್ಲಿ ವಾಪಸ್ ಕೊಡ್ಬೇಡಿ, ಪಕ್ಕದ ಸೀಟಲ್ಲಿ ಆಟ ಗೊತ್ತಿರೋರು ಕೂತಿದ್ರೆ ಅವರ ಹತ್ರ ಜಗಳ ಆಡೋ ಮುಂಚೆ, ನಿಮಗೇನು ಕಾಣಿಸ್ತು ಅಂತ ಕೇಳಿ.