ಮುಚ್ಚಳ ಬಾಗಿಸಿದರೆ ಪರದೆ ಕಪ್ಪು

ಪ್ರಶ್ನೆ: ನನ್ನ 15.6 ಇಂಚಿನ ಲ್ಯಾಪ್‌ಟಾಪ್‌ನ ಮುಚ್ಚಳ ಅರ್ಧ ತೆರೆದಿದ್ದರೆ ಚಿತ್ರ ಸರಿಯಾಗಿದೆ. ಪೂರ್ತಿ ಹಿಂದಕ್ಕೆ ಬಾಗಿಸಿದರೆ ಮಿನುಗಿ ಕಪ್ಪಾಗುತ್ತದೆ. ರಿಪೇರಿಯವರು ಡಿಸ್‌ಪ್ಲೇ ಬದಲಿಸಬೇಕು ಎನ್ನುತ್ತಾರೆ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಬಸವೇಶ್ವರನಗರ

ಉತ್ತರ: ಡಿಸ್‌ಪ್ಲೇಗೆ ಈಗಲೇ ದುಡ್ಡು ಸುರಿಯಬೇಡಿ. ಮುಚ್ಚಳದ ಓರೆ ಬದಲಾದಂತೆ ಬಂದುಹೋಗುವ ತೊಂದರೆ ಹೆಚ್ಚಾಗಿ ಕೇಬಲ್‌ನದು. ಮದರ್‌ಬೋರ್ಡ್‌ನಿಂದ ಪರದೆಗೆ ಹೋಗುವ ಇಡಿಪಿ ಕೇಬಲ್ ಹಿಂಜ್ (ಮುಚ್ಚಳದ ಕೀಲು) ಪಕ್ಕದಲ್ಲೇ ಹಾಯುತ್ತದೆ. ತೆರೆದು ಮುಚ್ಚಿದಾಗಲೆಲ್ಲ ಅಲ್ಲೇ ಮಡಚಿ, ಒಳಗಿನ ಸಣ್ಣ ತಂತಿಗಳು ತುಂಡಾಗುತ್ತವೆ.

ಖಚಿತ ಮಾಡಿಕೊಳ್ಳಲು ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿ ಮುಚ್ಚಳ ಆಡಿಸಿ. ಟಿವಿಯಲ್ಲಿ ಚಿತ್ರ ಅಲುಗದಿದ್ದರೆ ಗ್ರಾಫಿಕ್ಸ್ ಭಾಗ ಸರಿಯಿದೆ. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯೋಸ್ ಸೆಟ್ಟಿಂಗ್ ಪರದೆಯಲ್ಲೂ ಹೀಗೇ ಮಿನುಗಿದರೆ ವಿಂಡೋಸ್, ಡ್ರೈವರ್‌ಗಳನ್ನು ದೂರಬೇಕಿಲ್ಲ. ಕಪ್ಪಾದಾಗ ಟಾರ್ಚ್ ಓರೆಯಾಗಿ ಬಿಡಿ; ಐಕಾನ್‌ಗಳು ಮಸುಕಾಗಿ ಕಂಡರೆ ಆರಿರುವುದು ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಮಾತ್ರ. ಅದಕ್ಕೂ ಕರೆಂಟ್ ಬರುವುದು ಇದೇ ಕೇಬಲ್‌ನಲ್ಲಿ.

ಬಿಚ್ಚುವುದಾದರೆ ಚಾರ್ಜರ್ ತೆಗೆದು, ತಳದ ಕವರ್ ಕಳಚಿ, ಎಲ್ಲಕ್ಕೂ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಇದನ್ನು ಖಂಡಿತ ಮರೆಯಬೇಡಿ. ಬ್ಯಾಟರಿ ಇರುವಾಗಲೇ ಡಿಸ್‌ಪ್ಲೇ ಕನೆಕ್ಟರ್ ಓರೆಯಾಗಿ ಎಳೆದರೆ ಪಿನ್‌ಗಳು ಶಾರ್ಟ್ ಆಗಿ ಮದರ್‌ಬೋರ್ಡ್‌ನ ಬ್ಯಾಕ್‌ಲೈಟ್ ಫ್ಯೂಸ್ ಸುಡಬಹುದು. ಆಮೇಲೆ ಹೊಸ ಪ್ಯಾನೆಲ್ (ಪರದೆ) ಹಾಕಿದರೂ ಕತ್ತಲೆಯೇ. ಪರದೆಯ ಸುತ್ತಲಿನ ಚೌಕಟ್ಟಾದ ಬೆಜೆಲನ್ನು ಪ್ಲಾಸ್ಟಿಕ್ ಪಿಕ್‌ನಿಂದ ನಿಧಾನವಾಗಿ ಬಿಡಿಸಿ. ಪ್ಯಾನೆಲ್ ಹಿಂದಿನ ಕನೆಕ್ಟರ್‌ನ ಟೇಪ್ ಸುಲಿದು, ಲೋಹದ ಕೊಂಡಿ ಎತ್ತಿ, ಮೇಲಕ್ಕಲ್ಲ, ನೇರವಾಗಿ ಹಿಂದಕ್ಕೆ ಜಾರಿಸಿ. ಕೆಲವೊಮ್ಮೆ ಅದು ಸಡಿಲಾಗಿರುತ್ತದೆ ಅಷ್ಟೆ; ಎರಡೂ ತುದಿಗಳನ್ನು ಒತ್ತಿ ಕೂರಿಸಿದರೆ ಖರ್ಚಿಲ್ಲದೆ ಮುಗಿಯಿತು.

ಕೇಬಲ್ ಕೊಳ್ಳಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ಗೆ ಹೋಗುವಾಗ ಹಳೆಯದನ್ನೇ ಒಯ್ಯಿರಿ. ಒಂದೇ ಮಾಡೆಲ್‌ನಲ್ಲಿ 30 ಪಿನ್, 40 ಪಿನ್ ಎರಡೂ ಇರಬಹುದಾದ್ದರಿಂದ ಲ್ಯಾಪ್‌ಟಾಪ್ ಹೆಸರು ಹೇಳಿದರೆ ಸಾಲದು. ಕೇಬಲ್ ಮೇಲಿನ ಪಾರ್ಟ್ ನಂಬರ್ ಹೊಂದಬೇಕು. ಜೋಡಿಸುವಾಗ ಹಿಂಜ್ ಸ್ಕ್ರೂಗಳನ್ನೂ ನೋಡಿ. ಹಿಂಜ್ ಅತಿ ಬಿಗಿಯಾಗಿದ್ದರೆ ಹೊಸ ಕೇಬಲ್ಲೂ ಬಾಳದು.

ಓರೆ ಹೇಗಿದ್ದರೂ ಮಾಯವಾಗದ ಉದ್ದಗೆರೆ ಅಥವಾ ಶಾಯಿ ಚೆಲ್ಲಿದಂಥ ಕಲೆ ಇದ್ದರೆ ಮಾತ್ರ ಪ್ಯಾನೆಲ್ಲೇ ಹೋಗಿದೆ ಎನ್ನಬಹುದು. ಆಗ ಹಿಂಬದಿ ಲೇಬಲ್‌ನ ಪೂರ್ತಿ ನಂಬರ್, ಪಿನ್ ಸಂಖ್ಯೆ, ಪಕ್ಕದ ಬ್ರಾಕೆಟ್ ಇದೆಯೋ ಇಲ್ಲವೋ ಎಲ್ಲವನ್ನೂ ತಾಳೆ ನೋಡಿ. ಅಂಗಡಿಯಲ್ಲೇ ಹೊತ್ತಿಸಿ, ಬಿಳಿ, ಕಪ್ಪು, ಕೆಂಪು ತುಂಬಿಸಿ ಚುಕ್ಕೆಗಳಿವೆಯೇ ಪರೀಕ್ಷಿಸಿದ ಮೇಲೆ ದುಡ್ಡು ಕೊಡಿ.

ಪ್ರಶ್ನೆ: ಟೈಪ್ ಮಾಡುವಾಗ ಎಡಗೈ ಇಟ್ಟ ಕೂಡಲೇ ಪರದೆ ಆರುತ್ತದೆ, ತೆಗೆದರೆ ಬರುತ್ತದೆ. ಏಕೆ?
– ಓದುಗರೊಬ್ಬರು, ಜಯನಗರ

ಉತ್ತರ: ವಾಚ್ ಪಟ್ಟಿಯಲ್ಲಿ ಆಯಸ್ಕಾಂತವಿದೆಯೇ ನೋಡಿ. ಮುಚ್ಚಳ ಮುಚ್ಚಿದ್ದನ್ನು ಅನೇಕ ಲ್ಯಾಪ್‌ಟಾಪ್‌ಗಳು ಆಯಸ್ಕಾಂತದಿಂದಲೇ ಗುರುತಿಸುತ್ತವೆ. ಪಟ್ಟಿ ಬಿಚ್ಚಿಟ್ಟು ಟೈಪ್ ಮಾಡಿ. ಪರದೆ ಆರದಿದ್ದರೆ ರಿಪೇರಿಯೇ ಬೇಡ.